ಹತ್ತು ನಿಮಿಷದ ಕೆಲಸ

ಕಾರ್ಡ್ ಮೆಷಿನ್ ರಿಪೇರಿಯವನು ಆ ಫೋಟೋ ಫ್ರೇಮ್ ಅಂಗಡಿಗೆ ಮೊದಲ ಸಲ ಹೋದಾಗ ಬೈಸಿಕೊಂಡೇ ಒಳಗೆ ಕಾಲಿಟ್ಟ. ಗಾಜು ತಂದುಕೊಡುವವನೆಂದು ತಿಳಿದು, ಎರಡು ದಿನ ತಡ ಮಾಡಿದ್ದಕ್ಕೆ ಅಂಗಡಿ ನೋಡಿಕೊಳ್ಳುತ್ತಿದ್ದ ಹುಡುಗಿ ಚೆನ್ನಾಗಿ ದಬಾಯಿಸಿದಳು. ಪೂರ್ತಿ ಕೇಳಿಸಿಕೊಂಡ ಮೇಲೆ ಅವನು ತಾನು ಯಾರೆಂದು ಹೇಳಿದ. ಅವಳು ನಾಲಿಗೆ ಕಚ್ಚಿಕೊಂಡು, ಮರದ ಪುಡಿ ಅಂಟಿದ ಕೈಯಿಂದಲೇ ಹಣೆ ಮುಟ್ಟಿಕೊಂಡಳು. ಹುಬ್ಬಿನ ಮೇಲೆ ಪುಡಿ ಉಳಿಯಿತು. ಹೇಳೋಣವೋ ಬೇಡವೋ ಎಂದು ನೋಡುತ್ತಾ ನಿಂತವನು ಕೆಲಸ ಮರೆತ.

ಅಂಗೈಯಷ್ಟು ಅಗಲದ ಮೆಷಿನ್. ಗಿರಾಕಿ ಕಾರ್ಡ್ ತಾಗಿಸುವ ಹೊತ್ತಿಗೆ ಸರಿಯಾಗಿ ಅವಳ ಫೋನಿನ ಜೊತೆಗಿನ ಬ್ಲೂಟೂತ್ ಕಳಚಿಕೊಳ್ಳುತ್ತಿತ್ತು. ಅವನು ಬಟನ್ ಒತ್ತಿ ಹಿಡಿದು, ಆಫ್ ಮಾಡಿ, ಮತ್ತೆ ಆನ್ ಮಾಡಿದ. ಸರಿಹೋಯಿತು.

"ಇಷ್ಟೇನಾ ಡಾಕ್ಟ್ರೇ?" ಎಂದು ಅವಳು ನಕ್ಕಳು.

ಇಷ್ಟೇ ಅಲ್ಲವೆಂದು ಅವನಿಗೆ ಗೊತ್ತಿತ್ತು. ಅವಳ ಫೋನಿನಲ್ಲಿ ಹಿಂದಿನ ಮೆಷಿನ್‌ನ ಜೋಡಣೆ ಹಾಗೇ ಉಳಿದಿತ್ತು. ಅದನ್ನು ಅಳಿಸಿ, ಇದನ್ನು ಹೊಸದಾಗಿ ಜೋಡಿಸಿದರೆ ತೊಂದರೆ ಬೇರುಸಹಿತ ಹೋಗುತ್ತಿತ್ತು. ಹತ್ತು ನಿಮಿಷದ ಕೆಲಸ. ಅವನು ಮಾಡಲಿಲ್ಲ. ಮತ್ತೆ ಕೆಟ್ಟರೆ ಮತ್ತೆ ಬರಬಹುದಲ್ಲ.

ಹತ್ತು ದಿನಕ್ಕೆ ಕರೆ ಬಂತು. ಆಮೇಲೆ ವಾರಕ್ಕೊಮ್ಮೆ ಬರತೊಡಗಿತು. ಅವಳು ಗಾಜು ಒರೆಸುತ್ತಾ ಆ ಗಾಜಿನಲ್ಲೇ ಅವನನ್ನು ನೋಡುವಳು. ಅವನು ಗಮನಿಸಿದನೆಂದು ತಿಳಿದರೆ, ಇಲ್ಲದ ಕಲೆಯನ್ನು ಉಜ್ಜತೊಡಗುವಳು. ಈ ಪೇಷಂಟಿಗೆ ನಿಮ್ಮ ಮುಖ ನೋಡಿದರೇ ಜ್ವರ ಬಿಡುತ್ತದೆ ಎಂದು ಒಮ್ಮೆ ರೇಗಿಸಿದಳು. ನನಗೆ ಏರುತ್ತದೆ ಎನ್ನಬೇಕೆಂದುಕೊಂಡವನು ಬ್ಯಾಟರಿಯ ಬಗ್ಗೆ ಏನೋ ಹೇಳಿದ.

ಅಂಗಡಿ ಅವಳ ಅಣ್ಣನ ಹೆಸರಿನಲ್ಲಿತ್ತು. ಅಪ್ಪನಿಂದ ಕೆಲಸ ಕಲಿತವಳು ಅವಳು. ಅಣ್ಣನಿಗೆ ಅಂಗಡಿ ಮುಚ್ಚಿ ಜಾಗವನ್ನು ಬೇರೆಯವರಿಗೆ ಕೊಡುವ ಆಸೆ. ಕರಕುಶಲ ವಸ್ತುಗಳ ಒಂದು ದಿನದ ಪ್ರದರ್ಶನದಲ್ಲಿ ವ್ಯಾಪಾರ ಚೆನ್ನಾಗಿ ನಡೆದರೆ ಅಂಗಡಿ ನಿನಗೇ ಎಂದು ಕೊನೆಗೆ ಒಪ್ಪಿದ್ದ. ಇದನ್ನು ಅವಳು ಕಣ್ಣರಳಿಸಿ ಹೇಳಿದ ದಿನವೇ ಅವನು ಮೆಷಿನ್ ಸರಿಮಾಡಬೇಕಿತ್ತು. ಆದರೆ ಅವಳು ಕಾಫಿ ತಂದಳು, ಮಾತು ಬೆಳೆಯಿತು, ನಾಳೆ ಮಾಡಿದರಾಯಿತು ಎಂದುಕೊಂಡ. ಮರುದಿನ ಕಂಪನಿ ಅವನನ್ನು ಬೇರೆ ಊರಿಗೆ ಕಳಿಸಿತು.

ಪ್ರದರ್ಶನದ ದಿನ ನಾಲ್ಕು ಗಂಟೆಗೆ ಅವನು ಫೋನ್ ತೆಗೆದು ನೋಡಿದರೆ ಅವಳ ಹನ್ನೊಂದು ಕರೆಗಳು. ಮಧ್ಯಾಹ್ನದಿಂದ ಮೆಷಿನ್ ಸತ್ತುಬಿದ್ದಿತ್ತು. ಜನರ ಬಳಿ ನಗದು ಇರಲಿಲ್ಲ, ಅವಳ ಬಳಿ ಕ್ಯೂಆರ್ ಕೋಡ್ ಇರಲಿಲ್ಲ. ಆರಿಸಿದ ಫ್ರೇಮುಗಳನ್ನು ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಅಣ್ಣ ಕೈಕಟ್ಟಿ ನೋಡುತ್ತಿದ್ದ. ರಿಪೇರಿಯವನು ಕೂಡಲೇ ಕರೆಮಾಡಿ, ಹಳೆಯ ಜೋಡಣೆ ಅಳಿಸಿ ಹೊಸದಾಗಿ ಜೋಡಿಸುವುದನ್ನು ಫೋನಿನಲ್ಲೇ ಒಂದೊಂದಾಗಿ ಹೇಳಿದ, ಅವಳು ಹಾಗೇ ಮಾಡಿದಳು. ಮೆಷಿನ್ ಸರಿಯಾಯಿತು. ಅಷ್ಟರಲ್ಲಿ ಹಾಲ್ ಖಾಲಿಯಾಗಿತ್ತು.

ಅವಳು ಮೆಲ್ಲಗೆ ಕೇಳಿದಳು: "ಇದು ನಿಮಗೆ ಮೊದಲೇ ಗೊತ್ತಿತ್ತಾ?"

ಅವನು ಉತ್ತರಿಸುವ ಮೊದಲೇ ಕರೆ ಕಟ್ ಆಯಿತು.

ಎರಡು ದಿನದ ಮೇಲೆ ಅವನು ಅಂಗಡಿಗೆ ಹೋದಾಗ ಅವಳು ಫ್ರೇಮುಗಳನ್ನು ಕಾಗದದಲ್ಲಿ ಸುತ್ತುತ್ತಿದ್ದಳು. ಅಣ್ಣ ಅಂಗಡಿ ಮುಚ್ಚುತ್ತಿದ್ದುದರಿಂದ ಅಕ್ಕನ ಊರಿಗೆ ಹೊರಟಿದ್ದಳು. ಅಲ್ಲಿ ಯಾವುದೋ ಬಡಗಿಯ ಹತ್ತಿರ ಕೆಲಸವಿತ್ತು. ಅವನು ನಿಂತಲ್ಲೇ ಎಲ್ಲ ಒಪ್ಪಿಕೊಂಡ. ಮೊದಲ ದಿನದಿಂದಲೇ ಗೊತ್ತಿತ್ತು, ನಿಮ್ಮನ್ನು ನೋಡಲು ಬೇರೆ ನೆಪ ಹೊಳೆಯಲಿಲ್ಲ ಎಂದ.

ಅವಳ ಕೈ ನಿಂತಿತು. "ಸುಮ್ನೆ ಬರಬಹುದಿತ್ತಲ್ರೀ. ನಾನೇನು ಬೇಡ ಅಂತಿದ್ನಾ?"

ಅವನು ಪೆಟ್ಟಿಗೆಗಳನ್ನು ವ್ಯಾನಿಗೆ ಏರಿಸಿಕೊಟ್ಟ, ಅವಳು ಬೇಡವೆನ್ನಲಿಲ್ಲ. ಹೊರಡುವಾಗ ವಿಳಾಸ ಕೇಳಿದ.

"ನಿಮ್ಮನ್ನ ತುಂಬಾ ಹಚ್ಕೊಂಡಿದ್ದೆ," ಎಂದಳು ಅವಳು. "ಅದಕ್ಕೇ ಈಗ ಬೇಡ. ಯಾವತ್ತಾದ್ರೂ ಸಿಟ್ಟು ಇಳಿದ್ರೆ ನಾನೇ ಫೋನ್ ಮಾಡ್ತೀನಿ."

ಅವಳ ಹಳೆಯ ನಂಬರ್ ಬಂದ್ ಆಗಿತ್ತು; ಆ ವರ್ಷವಿಡೀ ಗುರುತಿಲ್ಲದ ನಂಬರಿನಿಂದ ಕರೆ ಬಂದಾಗಲೆಲ್ಲ ಅವನು ಮೊದಲ ರಿಂಗಿಗೇ ಎತ್ತಿದ. ಯಾರದೋ ಮೆಷಿನ್ ಕೆಟ್ಟಿರುತ್ತಿತ್ತು. ಅವನು ಹೋಗಿ, ಒಂದೇ ಸಲಕ್ಕೆ ಸರಿಮಾಡಿ ಬರುತ್ತಿದ್ದ.