ಎದ್ದು ಹೋದವಳು

ಕೃಪಾ ಅಧ್ಯಕ್ಷರ ಕಿವಿಯ ಹತ್ತಿರ ಬಗ್ಗಿ ಏನೋ ಪಿಸುಗುಟ್ಟಿ, ಕುರ್ಚಿ ಸರಿಸಿ ಎದ್ದು ನಿಂತಳು. ಅದೇ ಕ್ಷಣಕ್ಕೆ ಸಭಾಂಗಣದ ಬಾಗಿಲು ತೆರೆಯಿತು.

ಕೊಟ್ರೇಶ್!

ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಗೆ ಒತ್ತಿ ಹಿಡಿದ ಲ್ಯಾಪ್‌ಟಾಪ್, ಹಣೆಯ ಮೇಲೆ ಬೆವರು. ಗಾಬರಿಯಲ್ಲಿ ಒಳಗೆ ಬಂದವನ ಕಣ್ಣು ನೇರವಾಗಿ ಅವಳ ಮೇಲೆ ಬಿತ್ತು. ಸಂದರ್ಶನ ಮಾಡುವವರ ನಡುವೆ ಅವಳಿರುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು ನೀವು... ಅಪರಿಚಿತ ಊರಿನಲ್ಲಿ ಮನೆಯವರು ಸಿಕ್ಕ ಹಾಗೆ!

ಕೃಪಾ ಮನಸ್ಸಿನಲ್ಲೇ ಬೇಡಿಕೊಂಡಳು.

‘ಹಾಗೆ ನೋಡಬೇಡಿ ಕೊಟ್ರೇಶ್... ದಯವಿಟ್ಟು ಹಾಗೆ ನೋಡಬೇಡಿ.’

ಅವಳು ತಲೆ ತಗ್ಗಿಸಿ ಅವನ ಪಕ್ಕದಲ್ಲೇ ನಡೆದು ಹೋದಳು. ಮಾತಾಡಿಸಲೆಂದು ಅವನ ಕೈ ಅರ್ಧಕ್ಕೆ ಮೇಲೆದ್ದು ಅಲ್ಲೇ ನಿಂತಿತು. ಬಾಗಿಲ ಹತ್ತಿರವಾದರೂ ಅವಳು ಒಮ್ಮೆ ತಿರುಗಿ ನೋಡಬಹುದಿತ್ತು. ನೋಡಲಿಲ್ಲ. ಬಾಗಿಲು ಮುಚ್ಚಿಕೊಂಡಿತು.

ವೈಟ್‌ಫೀಲ್ಡ್‌ನ ಆ ಸಂಶೋಧನಾ ಕೇಂದ್ರದಲ್ಲಿ ಅಂದು ನಡೆಯುತ್ತಿದ್ದದ್ದು ಸರ್ಕಾರದ ಅನುದಾನದ ಸಂದರ್ಶನ. ಬಿಸಿಲಿನ ಕರೆಂಟನ್ನು ಹೈಡ್ರೋಜನ್ ಮಾಡಿ ಕೂಡಿಡುವ ಸಂಶೋಧನೆಗಳಲ್ಲಿ ಯಾವುದಕ್ಕೆ ಹಣ ಕೊಡಬೇಕು ಎಂದು ತಜ್ಞರು ಕೂತು ಅಂಕ ಹಾಕುತ್ತಿದ್ದರು. ಸದಸ್ಯರೊಬ್ಬರಿಗೆ ಜ್ವರ ಬಂದಿತ್ತೆಂದು ಅದೇ ಕೇಂದ್ರದ ವಿಜ್ಞಾನಿ ಕೃಪಾಳನ್ನು ಬೆಳಿಗ್ಗೆ ದಿಢೀರನೆ ಕರೆದಿದ್ದರು. ಅರ್ಜಿದಾರರ ಹೆಸರು ಅವಳ ಕೈಗೆ ಬಂದದ್ದೇ ಸಭೆ ಶುರುವಾದ ಮೇಲೆ.

ನಿಯಮ ಸರಳವಾಗಿತ್ತು. ಅರ್ಜಿದಾರ ನಿಮಗೆ ಬೇಕಾದವನಾಗಿದ್ದರೆ ಅವನ ಸರದಿ ಬಂದಾಗ ಎದ್ದು ಹೊರಗೆ ಹೋಗಬೇಕು. ಫಲಿತಾಂಶ ಬರುವವರೆಗೆ ಅವನ ಜೊತೆ ಒಂದು ಮಾತೂ ಆಡಬಾರದು.

ಕಾಗದದ ಮೇಲೆ ನೋಡಿದರೆ ಕೊಟ್ರೇಶ್ ಅವಳಿಗೆ ಏನೂ ಅಲ್ಲ. ಸಂಬಂಧಿಕನಲ್ಲ, ಸಹಪಾಠಿಯಲ್ಲ, ಸಹೋದ್ಯೋಗಿಯಲ್ಲ. ಅವಳು ಸುಮ್ಮನೆ ಕೂತಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಹೊರಗಿನ ಗೋಡೆಗೆ ಒರಗಿ ನಿಂತ ಕೃಪಾಗೆ ತನ್ನ ಮನಸ್ಸು ಗೊತ್ತಿತ್ತು.

‘ಅವನ ಮುಖ ನೋಡಿಯೇ ಪೂರ್ತಿ ಅಂಕ ಕೊಟ್ಟುಬಿಡ್ತೀನಿ. ಅದು ಮೋಸ ಅಲ್ವಾ?’

ಅವನಿಗೇ ಇನ್ನೂ ಹೇಳದ ಮಾತನ್ನು ಆ ವಯಸ್ಸಾದ ಅಧ್ಯಕ್ಷರ ಕಿವಿಗೆ ಹಾಕಿ ಬಂದಿದ್ದಳು ಹುಚ್ಚಿ!

ಕೃಪಾ, ಕೊಟ್ರೇಶ್ ಇಬ್ಬರ ಪರಿಚಯವಾದದ್ದು ಪೀಣ್ಯದಲ್ಲಿ. ಅವನು ಬಾಡಿಗೆಗೆ ಹಿಡಿದು ಹೈಡ್ರೋಜನ್ ಇಟ್ಟಿದ್ದ ಶೆಡ್ ಸುರಕ್ಷಿತವಾಗಿದೆಯೇ ಎಂದು ಅವಳು ಕೇಂದ್ರದಿಂದ ತಪಾಸಣೆಗೆ ಹೋಗಿದ್ದಳು. ಬಾಯಿ ಮಾಡಿ ಬರಬೇಕೆಂದೇ ಹೋದವಳು, ಅವನ ಸಿಲಿಂಡರ್ ನೋಡಿ ಬಾಯಿ ಮುಚ್ಚಿ ನಿಂತಳು. ಒಳಗೆ ಗಾಳಿಯ ಹಾಗೆ ತುಂಬಿದ ಹೈಡ್ರೋಜನ್ ಅಲ್ಲ, ಹೈಡ್ರೋಜನನ್ನು ಹೀರಿಕೊಂಡು ಕೂರುವ ಲೋಹದ ಪುಡಿ. ಹೀರುವಾಗ ಬಿಸಿಯಾಗುತ್ತದೆ, ಬಿಡುವಾಗ ತಣ್ಣಗಾಗುತ್ತದೆ.

"ಮುಟ್ಟಿ ನೋಡ್ರಿ ಮೇಡಂ, ಈಗ ಕುಡೀತಾ ಐತಿ," ಎಂದಿದ್ದ. ಮುಟ್ಟಿದಳು. ಹಾಲು ಕುಡಿದು ಮಲಗಿದ ಮಗುವಿನ ಬೆನ್ನಿನಷ್ಟು ಬೆಚ್ಚಗಿತ್ತು. ಅವನ ಕೈಯೂ ಪಕ್ಕದಲ್ಲೇ ಇತ್ತು. ಇಬ್ಬರೂ ತೆಗೆಯಲಿಲ್ಲ.

ಆಮೇಲೆ ಶನಿವಾರ ಬಂತೆಂದರೆ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಪೀಣ್ಯಕ್ಕೆ ಹೋಗುವುದು ಅವಳಿಗೆ ರೂಢಿಯಾಯಿತು. ಪುಡಿ ಪ್ರತಿ ಸಲ ಎಷ್ಟು ಹೀರಿತು, ಎಷ್ಟು ಬಿಟ್ಟಿತು ಎಂಬ ಅವನ ರೀಡಿಂಗ್‌ಗಳನ್ನು ಕೂತು ನೋಡಿಕೊಡುತ್ತಿದ್ದಳು. ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳ ಡೀಸೆಲ್ ಜನರೇಟರ್‌ಗಳನ್ನೆಲ್ಲ ಮನೆಗೆ ಕಳಿಸಬೇಕೆಂಬುದು ಅವನ ಕನಸು. ಅನುದಾನ ಸಿಕ್ಕರೆ ಆ ಕನಸು, ಇಲ್ಲದಿದ್ದರೆ ಶೆಡ್‌ಗೆ ಬೀಗ.

ಸಂದರ್ಶನದ ದಿನ ಸಂಜೆಯಿಂದಲೇ ಅವನ ಫೋನ್ ಬರತೊಡಗಿತು.

ಅವಳು ಎತ್ತಲಿಲ್ಲ. ಎತ್ತುವ ಹಾಗಿರಲಿಲ್ಲ. ‘ಮೇಡಂ, ನನ್ನಿಂದ ಏನಾದ್ರೂ ತಪ್ಪಾಯ್ತಾ?’ ಎಂಬ ಮೆಸೇಜನ್ನು ಓದಿ ಓದಿ ಕಣ್ಣು ಉರಿಯುತ್ತಿತ್ತು.

"ಅಂಗ್ಯಾಕೆ ಫೋನ್ ನೋಡ್ಕಂಡು ಕುಂತಿದ್ದೀಯೆ?" ಅಮ್ಮ ವೆಂಕಟಮ್ಮ ಮಹದೇವಪುರದ ಮನೆಯ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಾ ಕೇಳಿದರು. "ಎತ್ತು, ಇಲ್ಲಾಂದ್ರೆ ಆರ್ಸು. ಎಲ್ಡೂ ಮಾಡ್ದೆ ಯಾಕೆ ಸಂಕಟ ಪಡ್ತೀಯ?"

"ಎತ್ತೋ ಹಾಗಿಲ್ಲಮ್ಮ... ಆರಿಸೋಕೂ ಆಗ್ತಿಲ್ಲ."

ವೆಂಕಟಮ್ಮ ಮಗಳ ಮುಖವನ್ನೇ ನೋಡಿದರು. ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಕೆಲವು ದಿನಗಳಾದ ಮೇಲೆ ಫೋನ್ ಬರುವುದೂ ನಿಂತಿತು. ಅದು ಇನ್ನೂ ಕಷ್ಟವಾಗಿತ್ತು.

ಕೊನೆಗೆ ಫಲಿತಾಂಶ ಬಂತು. ಆಯ್ಕೆಯಾದವರಲ್ಲಿ ಕೊಟ್ರೇಶ್ ಇರಲಿಲ್ಲ.

ಕೃಪಾ ಪರದೆಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ನೋಡಿದಳು. ಇಲ್ಲ. ಎಲ್ಲೂ ಇಲ್ಲ! ಆಫೀಸಿನಲ್ಲಿ ಯಾರಿಗೂ ಹೇಳದೆ ಬ್ಯಾಗ್ ಎತ್ತಿಕೊಂಡು ಮೆಟ್ರೋ ನಿಲ್ದಾಣಕ್ಕೆ ಓಡಿದಳು.

ಪೀಣ್ಯದ ಶೆಡ್ ಮುಂದೆ ಮಾಲೀಕ ಲಕ್ಷ್ಮಯ್ಯ ಬೀಗ ಹಿಡಿದು ನಿಂತಿದ್ದ.

"ಈಗ ಬಂದ್ರಾ ಮೇಡಂ? ಖಾಲಿ ಮಾಡ್ತಾವ್ನೆ ನೋಡಿ. ಅವರೂರಲ್ಲಿ ಯಾವ್ದೋ ಡಿಪ್ಲೊಮಾ ಕಾಲೇಜಲ್ಲಿ ಮೇಷ್ಟ್ರ ಕೆಲಸವಂತೆ, ಸೋಮವಾರ ಹೊಂಟ. ಗುಜರಿಯವನು ಸಾಯಂಕಾಲ ಬತ್ತಾನೆ. ಒಂದ್ ಮಾತು ಹೇಳಿ ಮೇಡಂ ಅವನಿಗೆ... ಊಟಾನೇ ಬಿಟ್ಬಿಟ್ಟವ್ನೆ."

ಒಳಗೆ ಶೆಡ್ ಬೋಳಾಗಿತ್ತು. ಮಧ್ಯದಲ್ಲಿ ಆ ಸಿಲಿಂಡರ್, ಅದರಲ್ಲಿ ಉಳಿದ ಹೈಡ್ರೋಜನ್‌ನಿಂದ ಹುಟ್ಟುವ ಕರೆಂಟಿಗೆ ಒಂದು ಟೇಬಲ್ ಫ್ಯಾನ್ ತಿರುಗುತ್ತಿತ್ತು. ಸುಮ್ಮನೆ ಗಾಳಿಗೆ ಬಿಡಲು ಅವನಿಗೆ ಮನಸ್ಸು ಬಂದಿರಲಿಲ್ಲ. ಸಿಲಿಂಡರ್ ಮೈತುಂಬ ತಣ್ಣನೆಯ ನೀರ ಹನಿ. ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ಕೂತಿದ್ದ ಕೊಟ್ರೇಶ್. ಗಡ್ಡ ಬೆಳೆದಿತ್ತು, ಕಣ್ಣುಗಳು ಒಳಗೆ ಹೋಗಿದ್ದವು.

"ಕೊಟ್ರೇಶ್..."

ಅವನು ತಲೆ ಎತ್ತಿದ. ಈ ಸಲ ಮುಖ ಅರಳಲಿಲ್ಲ.

"ಬರಬಾರದಿತ್ರಿ ಮೇಡಂ. ಫೋನ್ ಎತ್ತದಿದ್ದಾಗಲೇ ತಿಳಿದುಕೊಂಡೆ."

"ಫಲಿತಾಂಶ ಬರೋವರೆಗೂ ಮಾತಾಡೋ ಹಾಗಿರಲಿಲ್ಲ. ನಿಯಮ ಕಣ್ರೀ! ಇಲ್ಲದಿದ್ರೆ ಎತ್ತದೇ ಇರ್ತಿದ್ನಾ?"

"ಇರ್ಲಿ ಬಿಡ್ರಿ. ನಿಮ್ಮ ಮ್ಯಾಲೆ ಸಿಟ್ಟಿಲ್ಲ. ರೀಡಿಂಗ್ ತಪ್ಪಿದ್ದು ನನಗೆ ಕಾಣಲಿಲ್ಲ, ನಿಮಗೆ ಕಾಣಿಸ್ತು. ನನ್ನ ಮುಂದೆ ಹೇಳಾಕ ಮುಜುಗರ ಆಗಿ ಎದ್ದು ಹೋದ್ರಿ. ಅದರಾಗ ನಿಮ್ಮ ತಪ್ಪೇನೈತಿ?"

ಕೃಪಾ ಇನ್ನೂ ಹತ್ತಿರ ಬಂದಳು.

"ಯಾವ ರೀಡಿಂಗ್?"

"ಪುಡಿ ಎಷ್ಟು ಸಲ ತುಂಬಿ ಖಾಲಿ ಮಾಡಿದ್ರೂ ಹಾಳಾಗಲ್ಲ ಅಂತ ಬರೆದಿದ್ನಲ್ಲ... ಅದು ಸರಿ ಐತಿ ಅಂತ ಹೇಳಿದ್ದು ನೀವೊಬ್ಬರೇ. ಅಂಥವರೇ ನನ್ನ ನೋಡ್ತಿದ್ದ ಹಾಗೇ ಎದ್ದು ಹೋದ್ರಿ. ಒಳಗೆ ಅವರು ಕೇಳಿದ್ದೂ ಅದನ್ನೇ. ಇದನ್ನ ನಂಬಬಹುದೇನ್ರೀ ಅಂದ್ರು." ಅವನ ದನಿ ಒಡೆಯಿತು. "ಕೃಪಾ ಮೇಡಮ್ಮೇ ನಂಬದಿರೋದನ್ನ ನಂಬ್ರಿ ಅಂತ ಹೆಂಗ ಹೇಳ್ಲಿ? ಮತ್ತೊಮ್ಮೆ ನೋಡಬೇಕಾಗ್ತದ ಸಾರ್ ಅಂದುಬಿಟ್ಟೆ."

ಅಯ್ಯೋ ದೇವರೇ!

ಕೃಪಾ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಅವಳು ಮೋಸ ಮಾಡಬಾರದೆಂದು ಹೊರಗೆ ಹೋದಳು, ಅವನು ಸುಳ್ಳು ಹೇಳಬಾರದೆಂದು ಒಳಗೆ ಸೋತ. ಇಂಥ ಇಬ್ಬರು ಸೇರಿದರೆ ಕನಸು ಉಳಿಯುವುದಾದರೂ ಹೇಗೆ ಹೇಳಿ?

"ರೀಡಿಂಗ್ ಸರಿಯಾಗೇ ಇತ್ತು!" ಅವಳು ಬಿಕ್ಕಿದಳು. "ಒಂದೇ ಒಂದು ತಪ್ಪೂ ಇರಲಿಲ್ಲ. ನಾನೇ ಕೂತು ನೋಡಿದ್ದೆ... ನೀವು ಯಾಕ್ರೀ ಹಾಗಂದ್ರಿ? ಯಾಕೆ?"

ಕೊಟ್ರೇಶ್ ಬಿಳಿಚಿಕೊಂಡ.

"ಸರಿ ಇತ್ತಾ?"

"ಸರಿ ಇತ್ತು."

ಅವನು ನಕ್ಕ. ಆ ನಗು ನೋಡಲಾಗದೆ ಅವಳು ಮುಖ ಮುಚ್ಚಿಕೊಂಡಳು. ಇನ್ನು ಅಧ್ಯಕ್ಷರಿಗೆ ಹೇಳಿ ಪ್ರಯೋಜನವಿಲ್ಲ. ಸಂದರ್ಶನದಲ್ಲಿ ಅರ್ಜಿದಾರ ಆಡಿದ ಮಾತೇ ಕೊನೆ, ಮೇಲ್ಮನವಿ ಇಲ್ಲ. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಫ್ಯಾನ್ ನಿಧಾನವಾಯಿತು. ರೆಕ್ಕೆಗಳು ಒಂದೊಂದಾಗಿ ಕಾಣತೊಡಗಿ, ಕೊನೆಗೆ ನಿಂತೇ ಹೋದವು. ಹೈಡ್ರೋಜನ್ ಮುಗಿದಿತ್ತು.

ಕೊಟ್ರೇಶ್ ಸ್ಪ್ಯಾನರ್ ಎತ್ತಿ ಸಿಲಿಂಡರಿನ ಮುಚ್ಚಳಕ್ಕೆ ಇಟ್ಟ.

"ಏನ್ ಮಾಡ್ತಿದ್ದೀರಾ?" ಅವಳು ಅವನ ಕೈ ಗಟ್ಟಿಯಾಗಿ ಹಿಡಿದಳು. "ಗಾಳಿ ಒಳಗೆ ಹೋದ್ರೆ ಪುಡಿ ಹೊತ್ಕೊಳ್ಳುತ್ತೆ! ಹೊತ್ಕೊಳ್ದಿದ್ರೂ ಹಾಳಾಗುತ್ತೆ. ನಿಮಗೆ ಗೊತ್ತಿಲ್ವಾ?"

"ಗೊತ್ತು."

"ಗೊತ್ತಿದ್ದೂ...?"

"ಇನ್ನ ಯಾರಿಗೆ ಬೇಕ್ರಿ ಇದು?"

"ನನಗೆ ಬೇಕು!"

ಆ ಕೂಗಿಗೆ ತಗಡಿನ ಶೆಡ್ ಅದುರಿತು. ಹೊರಗೆ ಲಕ್ಷ್ಮಯ್ಯ ಬೀಗ ಆಡಿಸುತ್ತಿದ್ದ ಸದ್ದೂ ನಿಂತಿತು. ಕೊಟ್ರೇಶ್ ಅವಳನ್ನೇ ನೋಡುತ್ತಾ ಮೆಲ್ಲಗೆ ಕೇಳಿದ.

"ರೀಡಿಂಗ್ ಸರಿ ಇದ್ರೆ... ಮತ್ಯಾಕ ಎದ್ದು ಹೋದ್ರಿ?"

ಕೃಪಾ ಕೈ ಬಿಡಲಿಲ್ಲ. ಕಣ್ಣೊರೆಸಿಕೊಳ್ಳಲೂ ಇಲ್ಲ.

"ಅಧ್ಯಕ್ಷರೂ ಅದನ್ನೇ ಕೇಳಿದ್ರು. ಸಂಬಂಧಿಕರೇನಮ್ಮ ಅಂದ್ರು, ಅಲ್ಲ ಸಾರ್ ಅಂದೆ. ಒಂದೇ ಕಡೆ ಕೆಲಸ ಮಾಡಿದ್ದೀರಾ ಅಂದ್ರು, ಇಲ್ಲ ಸಾರ್ ಅಂದೆ. ಮತ್ತೆ ಅವರು ನಿಮಗೆ ಏನಾಗಬೇಕು ಅಂದ್ರು..."

"ಏನಂದ್ರಿ?"

"ಮದುವೆ ಅಂತ ಆದ್ರೆ ಇವರನ್ನೇ ಅಂತ ಇದ್ದೀನಿ ಸಾರ್... ಅವರಿಗೆ ಇನ್ನೂ ಗೊತ್ತಿಲ್ಲ ಅಂದೆ."

ಸ್ಪ್ಯಾನರ್ ಅವನ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಅವಳ ಎರಡೂ ಕೈಗಳಲ್ಲಿ ಮುಖ ಇಟ್ಟು, ಇಷ್ಟು ದಿನ ಅಳದೆ ಇದ್ದವನು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟ. ಅವಳೂ ಅತ್ತಳು. ಕಳೆದುಹೋದದ್ದು ಆ ಅಳುವಿನಿಂದ ವಾಪಸ್ ಬರಲಿಲ್ಲ. ಶೆಡ್ ಹೋಯಿತು, ಅನುದಾನ ಹೋಯಿತು. ಸೋಮವಾರ ಅವನೂ ಹೋಗಲೇಬೇಕು.

ಬಹಳ ಹೊತ್ತಾದ ಮೇಲೆ ಇಬ್ಬರೂ ಸೇರಿ ಸಿಲಿಂಡರಿನ ವಾಲ್ವ್ ಬಿಗಿ ಮಾಡಿದರು. ಗುಜರಿಯವನನ್ನು ವಾಪಸ್ ಕಳಿಸಿದರು. "ನನ್ನ ಗೋಡೌನ್ ಮೂಲೇಲಿ ಇಡಿ, ಅದೇನ್ ಅನ್ನ ಕೇಳುತ್ತಾ?" ಎಂದು ಲಕ್ಷ್ಮಯ್ಯ ಗೊಣಗುತ್ತಲೇ ಜಾಗ ಮಾಡಿಕೊಟ್ಟ.

"ಮತ್ತೆ ಅರ್ಜಿ ಕರೀತಾರೆ," ಕೃಪಾ ಹೇಳಿದಳು. "ಕಾಲೇಜಿನಿಂದಲೇ ಹಾಕಿ. ಸಿಗುತ್ತೆ ಅಂತ ಹೇಳೋಕೆ ನನ್ನಿಂದ ಆಗಲ್ಲ. ಆದ್ರೂ ಹಾಕಿ."

ಕೊಟ್ರೇಶ್ ತಣ್ಣಗಿದ್ದ ಸಿಲಿಂಡರಿನ ಮೇಲೆ ಕೈಯಿಟ್ಟ. ಅವಳೂ ಪಕ್ಕದಲ್ಲಿ ಇಟ್ಟಳು.

"ಕಮಿಟಿಯಾಗ ನೀವಿದ್ರೆ?"

"ಮತ್ತೆ ಎದ್ದು ಹೋಗ್ತೀನಿ."

"ಯಾರಮ್ಮ ಅವರು ಅಂತ ಕೇಳಿದ್ರೆ?"

ಅವಳ ಕೆನ್ನೆ ಇನ್ನೂ ಒದ್ದೆಯಾಗಿತ್ತು.

"ನಮ್ಮನೆಯವರು ಅಂತೀನಿ."

ಅವಳ ಬೆರಳುಗಳ ಮೇಲೆ ತನ್ನ ಬೆರಳುಗಳನ್ನು ಇಟ್ಟ.

"ಹಂಗಾದ್ರೆ ಎದ್ದು ಹೋಗು ಕೃಪಾ," ಎಂದ. "ಆದ್ರೆ ಬಾಗಿಲ ಹತ್ರ ಒಂದ್ಸಲ ತಿರುಗಿ ನೋಡು."

"ನೋಡ್ತೀನಿ ಕಣ್ರೀ... ನೋಡಿಯೇ ಹೋಗ್ತೀನಿ."