ಕಣ್ಣಂಚಿನ ದಾರಿ

ಹುಬ್ಬಳ್ಳಿ ನಿಲ್ದಾಣದ ಹೊರಗಿನ ಕೊನೆಯ ಸಿಗ್ನಲ್ ಹಸಿರಾಯಿತು. ಮೈಲಾರಿ ಕಲಕೇರಿ ಅದರತ್ತ ಬೆರಳು ಚಾಚಿ, "ಹಸಿರು" ಎಂದು ಕೂಗಿ, ಹಿಡಿಕೆಯನ್ನು ಮೆಲ್ಲಗೆ ಮುಂದಕ್ಕೆ ನೂಕಿದ. ಎಂಜಿನ್ ಒಮ್ಮೆ ಮೈ ಕೊಡವಿ, ಹಿಂದೆ ಮಲಗಿದ್ದ ಡಬ್ಬಿಗಳನ್ನು ಒಂದೊಂದಾಗಿ ಎಬ್ಬಿಸಿಕೊಂಡು ಹೊರಟಿತು. ಊರು ಹಿಂದೆ ಸರಿಯಿತು. ಮುಂದೆ ಎರೆ ಬಯಲಿನ ನಡುವೆ ಎರಡು ಹಳಿಗಳು ಗದಗದ ಕಡೆಗೆ ಹರಿದಿದ್ದವು. ಒಂದಾದ ಮೇಲೊಂದು ಸಿಗ್ನಲ್ಲುಗಳು ತೇಲಿ ಬಂದವು, ಎಲ್ಲವೂ ಹಸಿರೇ. ಗಾಲಿಗಳ ಸದ್ದು ಎಲ್ಲೋ ದೂರದ ಮನೆಯಲ್ಲಿ ಯಾರೋ ರೊಟ್ಟಿ ಬಡಿಯುವ ಸದ್ದಿನಂತೆ ಕೇಳುತ್ತಿತ್ತು. ಹಸಿವಿಲ್ಲ, ಬಾಯಾರಿಕೆಯಿಲ್ಲ, ತಡವಾಯಿತೆಂಬ ಭಯವಿಲ್ಲ. ಇದಕ್ಕಿಂತ ಬೇರೆ ಸುಖ ತನಗೆ ಬೇಡ ಎಂದು ಅವನಿಗೆ ಅನ್ನಿಸಿತು.

ಮೆಲುವಾಗಿ ಗಂಟೆ ಬಾರಿಸಿತು. ಬಯಲು ತೆಳುವಾಯಿತು, ಹಳಿಗಳು ಕರಗಿದವು. ಕಣ್ಣು ಬಿಟ್ಟಾಗ ಮೈಲಾರಿ ಉಣಕಲ್ ಕೆರೆಯ ದಂಡೆಯ ಆಸ್ಪತ್ರೆಯೊಂದರ ಮಂಚದ ಮೇಲಿದ್ದ. ಪರದೆಯ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಡಾ. ತಬಸ್ಸುಮ್ ನದಾಫ್ ಅವನ ತಲೆಗೆ ಸುತ್ತಿದ್ದ ಬಿಳಿ ಬಟ್ಟೆಯನ್ನು ಬಿಚ್ಚುತ್ತಿದ್ದರು.

"ಇನ್ನೊಂದ್ ಸ್ವಲ್ಪ ಬಿಟ್ಟಿದ್ರ ಅಣ್ಣಿಗೇರಿ ಮುಟ್ಟತಿದ್ದೆ" ಎಂದ ಮೈಲಾರಿ, ಮುನಿಸಿನಿಂದ.

"ಅಣ್ಣಿಗೇರಿ ಎಲ್ಲಿಗೂ ಓಡಿ ಹೋಗಂಗಿಲ್ಲ ಕಾಕಾ" ಎಂದರು ಡಾಕ್ಟರು.

ಇದು ಎರಡು ಸಾವಿರದ ಅರವತ್ತರ ಸುಮಾರಿನ ಮಾತು. ಆ ಬಟ್ಟೆಗೆ ಡಾಕ್ಟರು ಇಟ್ಟ ಹೆಸರು 'ನಿದ್ರಾಸೇತು'. ಜನ ಅದನ್ನು ಬಿಟ್ಟು ರುಮಾಲು ಎಂದೇ ಕರೆದರು, ನೋಡಲು ಅದು ಹಾಗೆಯೇ ಇತ್ತು. ನಾವು ಮಲಗಿದಾಗ ಮೆದುಳು ಮಲಗುವುದಿಲ್ಲ. ಕಂಡದ್ದನ್ನು, ಕಲಿತದ್ದನ್ನು ಮತ್ತೆ ಮತ್ತೆ ಓಡಿಸಿ ನೋಡಿ, ಬೇಕಾದದ್ದನ್ನು ಒಳಗೆ ಎತ್ತಿಡುತ್ತದೆ. ಈ ಕೆಲಸ ಬಹಳಷ್ಟು ನಡೆಯುವುದು ಮೆದುಳಿನ ಆಳದಲ್ಲಿ ಸಮುದ್ರಕುದುರೆಯಂತೆ ಬಾಗಿಕೊಂಡಿರುವ ಒಂದು ಸಣ್ಣ ಭಾಗದಲ್ಲಿ. ರುಮಾಲಿನ ನೂಲಿನ ನಡುವೆ ಕೂದಲಿಗಿಂತ ತೆಳುವಾದ ತಂತಿಗಳಿದ್ದವು. ಅವು ಆ ಭಾಗದ ವಿದ್ಯುತ್ ಮಿಡಿತಗಳನ್ನು ಆಲಿಸುತ್ತ, ಬೇಕಾದ ನೆನಪಿನ ಮಿಡಿತ ಬಂದಾಗ ಅದಕ್ಕೆ ತುಸು ಒತ್ತಾಸೆ ಕೊಡುತ್ತಿದ್ದವು. ಹೊಸದೇನನ್ನೂ ರುಮಾಲು ತಲೆಗೆ ತುಂಬುತ್ತಿರಲಿಲ್ಲ. ಇದ್ದದ್ದನ್ನೇ ಕನಸಾಗಿ ಬಿಚ್ಚುತ್ತಿತ್ತು.

ಡಾಕ್ಟರು ಇದನ್ನು ಮಾಡಿದ್ದು ನಿವೃತ್ತರಿಗಾಗಿ. ಹಾರ ಹಾಕಿಸಿಕೊಂಡು, ಶಾಲು ಹೊದಿಸಿಕೊಂಡು ಮನೆಗೆ ಬಂದವರು ವರ್ಷ ತುಂಬುವುದರೊಳಗೆ ನೀರಿನಿಂದ ತೆಗೆದ ಮೀನಿನಂತಾಗುವುದನ್ನು ಅವರು ಎಷ್ಟೋ ಕಂಡಿದ್ದರು. ಕೂಸಿಗೆ ಮೊಲೆ ಬಿಡಿಸುವಾಗ ಒಂದೇ ದಿನಕ್ಕೆ ಬಿಡಿಸುತ್ತಾರೆಯೇ? ಹಾಗೆಯೇ ಕೆಲಸವನ್ನೂ ಮೆಲ್ಲಮೆಲ್ಲಗೆ ಬಿಡಿಸಬೇಕು ಎಂಬುದು ಅವರ ಲೆಕ್ಕಾಚಾರ. ಮೊದಲು ವಾರಕ್ಕೊಮ್ಮೆ ಕೆಲಸದ ಕನಸು, ಆಮೇಲೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಸಾಕು.

ಮೈಲಾರಿ ಕೈಯಿಂದ ರೈಲು ಓಡಿಸಿದವರ ಕೊನೆಯ ತಂಡದವನು. ಅವನು ಇಳಿದ ಮೇಲೆ ಆ ಎಂಜಿನ್ನಿಗೆ ಇನ್ನೊಬ್ಬ ಹತ್ತಲಿಲ್ಲ, ಗಾಡಿಗಳು ತಾವೇ ಓಡತೊಡಗಿದವು. ಕೆಲಸ ಹೋದರೂ ಕೆಲಸದ ಚಾಳಿ ಹೋಗಲಿಲ್ಲ. ಎಂಜಿನ್ನಿನಲ್ಲಿ ಯಾವಾಗಲೂ ಇಬ್ಬರು ಇರುತ್ತಿದ್ದರು. ಸಿಗ್ನಲ್ ಕಂಡವನು ಬೆರಳು ತೋರಿಸಿ ಅದರ ಬಣ್ಣ ಕೂಗಬೇಕು. ಜೊತೆಗಾರ ಅದನ್ನು ತನ್ನ ಕಣ್ಣಿನಿಂದ ನೋಡಿ, ತಿರುಗಿ ಅದೇ ಮಾತು ಕೂಗಬೇಕು. ಇಬ್ಬರೂ ಕೂಗಿದ ಮೇಲೆಯೇ ಸಿಗ್ನಲ್ ಕಂಡಂತೆ. ಈಗ ಮೈಲಾರಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಉಕ್ಕಿ ಬರುತ್ತಿದ್ದ ಪಾತ್ರೆಗೆ ಬೆರಳು ತೋರಿಸಿ "ಹಾಲು" ಎಂದು ಕೂಗಿ, ಹೆಂಡತಿ ತಿರುಗಿ ಕೂಗಲೆಂದು ಕಾಯುತ್ತಿದ್ದ.

"ಕೂಗೂದು ಬಿಟ್ಟು ಒಲಿ ಆರಸಬಾರದೇನ್ರೀ?" ಎನ್ನುತ್ತಿದ್ದಳು ಭಾಗ್ಯಶ್ರೀ. ಇಷ್ಟು ವರ್ಷ ಹಗಲಿನ ಮನೆ ಅವಳೊಬ್ಬಳದೇ ಆಗಿತ್ತು. ಗಂಡ ಮಧ್ಯಾಹ್ನ ರುಮಾಲು ಸುತ್ತಿಕೊಳ್ಳಲು ಹೋಗುತ್ತಾನೆಂದಾಗ ಅವಳಿಗೆ ಒಳಗೊಳಗೆ ಸಮಾಧಾನವೇ ಆಗಿತ್ತು.

ಆದರೆ ಮೈಲಾರಿಯ ಕನಸು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ವಾರಕ್ಕೊಮ್ಮೆ ಬರುವವನು ದಿನ ಬಿಟ್ಟು ದಿನ ಬಂದ, ಆಮೇಲೆ ದಿನಾ ಬಂದ. ಅಂಗಲಾಚಿದ, ಡಾಕ್ಟರ ಮನಸ್ಸು ಕರಗಿಸಿದ. ಮನೆಯಲ್ಲಿ ಪರದೆ ಎಳೆದು ಕುರ್ಚಿಯಲ್ಲೇ ಕಣ್ಣು ಮುಚ್ಚಿ ಕೂರುತ್ತಿದ್ದ. ಹೆಂಡತಿ ಮಾತಾಡಿಸಿದರೆ ಎಮ್ಮೆಯ ಮೇಲೆ ಮಳೆ ಸುರಿದಂತೆ. ಒಂದು ದಿನ ಊಟಕ್ಕೆ ಕುಳಿತವನು ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಅವಳನ್ನು ನೋಡಿ, "ಅಣ್ಣಿಗೇರಿ ದಾಟ್ತೇನು?" ಎಂದು ಕೇಳಿದ. ಕೇಳಿದ್ದು ತಮಾಷೆಗಲ್ಲ ಎಂದು ಅವನ ಕಣ್ಣು ನೋಡಿ ಗೊತ್ತಾದಾಗ ಭಾಗ್ಯಶ್ರೀಗೆ ಹೆದರಿಕೆಯಾಯಿತು.

ಮರುದಿನ ಅವಳೂ ಆಸ್ಪತ್ರೆಗೆ ಬಂದಳು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ.

"ಚಕ್ಕಡಿ ದಿನಾ ಒಂದ ಹಾದಿಯೊಳಗ ಹೋದ್ರ ಜಾಡು ಆಳ ಬೀಳತೈತಿ ಕಾಕು. ಆಮ್ಯಾಲೆ ಗಾಲಿ ಮ್ಯಾಲ ಬರಂಗಿಲ್ಲ. ಇವರ ಮೆದುಳೂ ಹಂಗ ಆಗಲಿಕ್ಕತ್ತೇತಿ. ಇನ್ನೊಂದಿಷ್ಟು ದಿನ ಹಿಂಗ ನಡದ್ರ, ಎಚ್ಚರಾದ್ರೂ ಇವರು ಈ ಕಡೆಗೆ ಬರಲಿಕ್ಕಿಲ್ಲ. ತಪ್ಪು ನಂದ. ಇವತ್ತಿಗೆ ನಿಲ್ಲಿಸಿಬಿಡ್ತೀನಿ."

"ನಿಲ್ಲಿಸಿದ್ರ ನನಗೇನ ಉಳೀತೈತ್ರಿ?" ಎಂದ ಮೈಲಾರಿ. "ಇಲ್ಲಿ ಕುಂತು ಮಾಡೂದರ ಏನು? ಇನ್ನೊಂದ ಸಲ ಬಿಡ್ರಿ. ಹೊಸಪೇಟಿಗೆ ಹೋಗಿ ಬಂದುಬಿಡ್ತೀನಿ. ಅದ ಕಡೀದು."

ಭಾಗ್ಯಶ್ರೀ ಸೆರಗು ಸಿಕ್ಕಿಸಿಕೊಂಡಳು. "ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗ ಆತು ನನ್ನ ಬಾಳೇವು. ಡಾಕ್ಟರ್ರ, ನನಗೂ ಒಂದು ರುಮಾಲು ಸುತ್ತರಿ. ನನಗಿಂತ ಚಲೋದು ಅಲ್ಲೇನೈತಿ, ನೋಡಿಬರ್ತೀನಿ."

ಎರಡು ರುಮಾಲುಗಳನ್ನು ತಂತಿಯಿಂದ ಜೋಡಿಸಿ, ಒಬ್ಬರ ಕನಸಿನಲ್ಲಿ ಇನ್ನೊಬ್ಬರನ್ನು ಕೂರಿಸುವ ಪ್ರಯೋಗವನ್ನು ಡಾಕ್ಟರು ಆಗಲೇ ಮಾಡಿ ನೋಡಿದ್ದರು. ತುಸು ಯೋಚಿಸಿ, ಒಪ್ಪಿದರು.

ಕನಸಿನ ಎಂಜಿನ್ನಿನಲ್ಲಿ ಜೊತೆಗಾರನ ಜಾಗ ಯಾವಾಗಲೂ ಖಾಲಿ ಇರುತ್ತಿತ್ತು. ಅಂದು ಅಲ್ಲಿ ಭಾಗ್ಯಶ್ರೀ ಕುಳಿತಿದ್ದಳು. ಎಂಜಿನ್ನಿಗೆ ಹೊರಗಿನವರು ಹತ್ತುವಂತಿಲ್ಲ ಎಂಬ ನಿಯಮದಿಂದಾಗಿ ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಅಲ್ಲಿ ಕಾಲಿಟ್ಟಿರಲಿಲ್ಲ.

"ಸಿಗ್ನಲ್ ಕಂಡ ಕೂಡಲೆ ಕೂಗಬೇಕು" ಎಂದು ಮೈಲಾರಿ ಪಾಠ ಹೇಳಿದ. "ನೀ ಕೂಗಿದ್ದನ್ನ ನಾ ನೋಡಿ ತಿರುಗಿ ಕೂಗ್ತೀನಿ. ಅದು ಕಾಯ್ದೆ."

ಹೊರಟ ಸ್ವಲ್ಪ ಹೊತ್ತಿಗೆ ಅವಳು ಬೆರಳು ಚಾಚಿದಳು. "ಕುಸುಬಿ ಹೊಲ."

"ಏ, ಅದು ಸಿಗ್ನಲ್ ಅಲ್ಲ."

"ಕಂಡಿದ್ದು ಕೂಗೀನಿ. ಕಾಯ್ದೆ ಕಾಯ್ದೆನ."

ಬೇರೆ ದಾರಿಯಿರಲಿಲ್ಲ. ಮೈಲಾರಿ ಹಳಿಯಿಂದ ಕಣ್ಣು ಕಿತ್ತು ಪಕ್ಕಕ್ಕೆ ನೋಡಿದ. ಕುಸುಬಿ ಹೂಬಿಟ್ಟು, ದಿಗಂತದವರೆಗೂ ಕೇಸರಿಯಾಗಿ ನಿಂತಿತ್ತು. "ಕುಸುಬಿ ಹೊಲ" ಎಂದ, ಮೆಲ್ಲಗೆ.

"ಚಿಗರಿ ಹಿಂಡು. ಬನ್ನಿ ಗಿಡದ ಬುಡಕ್ಕ."

ಜಿಂಕೆಗಳು ಕತ್ತೆತ್ತಿ ಗಾಡಿಯನ್ನೇ ನೋಡುತ್ತಿದ್ದವು. "ಚಿಗರಿ ಹಿಂಡು."

"ಬಾವ್ಯಾಗ ಈಸೂ ಹುಡುಗ್ರು."

"ಬಾವ್ಯಾಗ ಈಸೂ ಹುಡುಗ್ರು." ಹುಡುಗರು ನೀರಿಗೆ ಹಾರಿ ಗಾಳಿಯಲ್ಲೇ ನಿಂತಂತಿದ್ದರು. ಅವಳು ಕೂಗಿದಳು, ಅವನು ನೋಡಿ ಕೂಗಿದ. ಎಳೆಜೋಳದ ಸೀತನಿ ಸುಡುವ ಹೊಗೆ, ಕೆಂಪಗೆ ಹರವಿದ ಮೆಣಸಿನಕಾಯಿ, ಕೊಪ್ಪಳದ ಗುಡ್ಡದ ನೆತ್ತಿಯ ಮೇಲೆ ಕುಳಿತ ಒಂದೇ ಒಂದು ಮೋಡ. ಸಾವಿರ ಸಲ ಹೋದ ದಾರಿಯಲ್ಲಿ ಅವನು ಮೊದಲ ಸಲ ಹೋಗುತ್ತಿದ್ದ.

"ಇವೆಲ್ಲಾ ಎಲ್ಲಿದ್ದವು?" ಎಂದು ಕೇಳಿದ.

"ನಿಮ್ಮ ತಲಿಯೊಳಗ" ಎಂದಳು ಅವಳು. "ನಾನೇನ ಮನಿಯಿಂದ ಗಂಟು ಕಟ್ಟಿಕೊಂಡು ಬಂದಿಲ್ಲ."

ಮರಳಿ ಬರುವಾಗ ಹುಬ್ಬಳ್ಳಿ ಸಮೀಪಿಸಿತು. ಬಲಗಡೆ ಅವರು ಮೊದಲಿದ್ದ ರೈಲ್ವೆ ಕ್ವಾರ್ಟರ್ಸ್, ಎಡಗಡೆ ನಿಲ್ದಾಣದೊಳಗೆ ಬಿಡುವ ಸಿಗ್ನಲ್. ಹತ್ತು ಹಳಿಗಳು ಕೂಡುವ ಜಾಗವಾದ್ದರಿಂದ ಅಲ್ಲಿ ಯಾವ ಚಾಲಕನೂ ಎಡಗಡೆಯಿಂದ ಕಣ್ಣು ತೆಗೆಯುವುದಿಲ್ಲ. ಭಾಗ್ಯಶ್ರೀಯ ದನಿ ಥಟ್ಟನೆ ನಿಂತುಹೋಯಿತು.

"ಯಾಕ ಸುಮ್ಮನಾದಿ? ಕೂಗು."

ಅವಳು ಕೂಗಲಿಲ್ಲ. ಬೆರಳನ್ನು ಮಾತ್ರ ಬಲಗಡೆಗೆ ಚಾಚಿದಳು. ಮೈಲಾರಿ ಅತ್ತ ತಿರುಗಿದ.

ಕ್ವಾರ್ಟರ್ಸಿನ ಮಾಳಿಗೆಯ ಮೇಲೆ ಒಬ್ಬಳು ಹರೆಯದ ಹೆಣ್ಣುಮಗಳು ಕಂಕುಳಲ್ಲಿ ಕೂಸು ಇಟ್ಟುಕೊಂಡು ನಿಂತಿದ್ದಳು. ಅವಳ ಪಕ್ಕದಲ್ಲಿ ಅವಳೇ, ಬೇರೆ ಸೀರೆಯುಟ್ಟು, ಶಾಲೆಗೆ ಹೋಗುವ ಹುಡುಗಿಯ ಕೈ ಹಿಡಿದಿದ್ದಳು. ಅದರ ಪಕ್ಕ ಅವಳೇ, ಒಬ್ಬಳೇ. ಅದರ ಪಕ್ಕ ಅವಳೇ, ನೆತ್ತಿಯ ಮೇಲೆ ಬಿಳಿಕೂದಲು. ಅವನ ಗಾಡಿ ಬರುವ ಹೊತ್ತಿಗೆಲ್ಲ ಮಾಳಿಗೆ ಹತ್ತಿ ನಿಂತ ಎಲ್ಲ ವರ್ಷಗಳ ಭಾಗ್ಯಶ್ರೀಯರು ಒಟ್ಟಿಗೆ ನಿಂತು ಎಂಜಿನ್ನನ್ನೇ ನೋಡುತ್ತಿದ್ದರು. ಗಂಡ ಒಮ್ಮೆಯೂ ಇತ್ತ ನೋಡಲಿಲ್ಲ ಎಂಬ ನೋವನ್ನು ಅವಳು ಯಾರಿಗೂ ಹೇಳದೆ ಇಷ್ಟು ಕಾಲ ನುಂಗಿಕೊಂಡಿದ್ದಳು.

"ಭಾಗ್ಯಾ" ಎಂದು ಕೂಗಿದ ಮೈಲಾರಿ.

ಕಾಯ್ದೆಯಂತೆ ಅವಳೂ ನೋಡಿ ಕೂಗಬೇಕಿತ್ತು. "ಭಾಗ್ಯಾ" ಎಂದಳು, ಯಾರೋ ಬೇರೆಯವಳನ್ನು ಕರೆದಂತೆ.

ಎಡಗಡೆಯ ಸಿಗ್ನಲ್ ಹಸಿರಾಗಿತ್ತು. ಹಸಿರಿಗೆ ಗಾಡಿ ನಿಲ್ಲಿಸಿದವನನ್ನು ರೈಲ್ವೆಯಲ್ಲಿ ಯಾರೂ ಕ್ಷಮಿಸುವುದಿಲ್ಲ. ಮೈಲಾರಿ ಬ್ರೇಕ್ ಹಿಡಿದು ಪೂರ್ತಿ ಎಳೆದ. ಗಾಡಿ ಉದ್ದಕ್ಕೆ ಒಂದು ಉಸಿರು ಬಿಟ್ಟು ಮಾಳಿಗೆಯ ಎದುರಿಗೇ ನಿಂತಿತು.

ಗಂಟೆ ಬಾರಿಸುವ ಮೊದಲೇ ಅವನಿಗೆ ಎಚ್ಚರವಾಯಿತು. ಪಕ್ಕದ ಮಂಚದಲ್ಲಿ ಭಾಗ್ಯಶ್ರೀ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಆಗೆಲ್ಲ ನೋಡಿದ್ರಿ ಹಂಗಾರ" ಎಂದಳು.

ಮೈಲಾರಿ ಹೌದೆಂದುಬಿಡಬಹುದಿತ್ತು. "ಇಲ್ಲ ಭಾಗ್ಯಾ. ಕಣ್ಣಿಗೆ ಬಿದ್ದಿತ್ತು, ನೋಡಿರಲಿಲ್ಲ. ಇವತ್ತ ನೋಡಿದೆ" ಎಂದ.

ಡಾಕ್ಟರು ಅವರಿಗೆ ವಿವರಿಸಿದರು. ಕಣ್ಣು ಒಂದು ಕಡೆ ನೆಟ್ಟಿದ್ದರೂ ಅದರ ಅಂಚು ಸುತ್ತಲಿನದನ್ನು ಹೆಕ್ಕುತ್ತಲೇ ಇರುತ್ತದೆ. ಮನಸ್ಸು ಅದರಿಂದ ತನಗೆ ಬೇಕಾದ ಒಂದು ಎಳೆ ತೆಗೆದುಕೊಂಡು ಮಿಕ್ಕದ್ದನ್ನು ಬಿಡುತ್ತದೆ. ಆ ಮಿಕ್ಕದ್ದೆಲ್ಲ ಕರಗಿಹೋಗುತ್ತದೆ ಎಂದು ಅವರೂ ನಂಬಿದ್ದರು. ಅದು ಬುಡದಲ್ಲಿ ಹಾಗೆಯೇ ಕೂತಿರುತ್ತದೆಂದು ಅಂದೇ ತಿಳಿದದ್ದು.

ಮೈಲಾರಿ ಮತ್ತೆ ತನಗಾಗಿ ರುಮಾಲು ಕೇಳಲಿಲ್ಲ. ದಿನಾ ಬೆಳಗ್ಗೆ ಗಂಡ ಹೆಂಡತಿ ಕೆರೆಯ ದಂಡೆಯ ಮೇಲೆ ನಡೆಯುತ್ತಿದ್ದರು. ಬೆಳ್ಳಕ್ಕಿ, ದೋಸೆಗಾಡಿ, ಯಾರದೋ ಹೊಸ ನಾಯಿಮರಿ, ಏನು ಕಂಡರೂ ಒಬ್ಬರು ಕೂಗುವುದು, ಇನ್ನೊಬ್ಬರು ನೋಡಿ ಕೂಗುವುದು. ಎದುರಿಗೆ ಬಂದವರು ನಗುತ್ತಿದ್ದರು. ಇವರಿಗೆ ಅದರ ಪರಿವೆ ಇರಲಿಲ್ಲ. ಸುಖವಾಗಿದ್ದರು.

ರುಮಾಲಿನ ಕೆಲಸವೂ ಬದಲಾಯಿತು. ಡಾಕ್ಟರು ಈಗ ಅದನ್ನು ಸುತ್ತುತ್ತಿದ್ದದ್ದು ನಿವೃತ್ತರಿಗೆ ಮತ್ತೆ ಕೆಲಸ ಕೊಡಲಿಕ್ಕಲ್ಲ, ಕೆಲಸದ ಗದ್ದಲದಲ್ಲಿ ಬಿಟ್ಟುಹೋದದ್ದನ್ನು ತೋರಿಸಲಿಕ್ಕೆ. ಜೊತೆಗಾರನಾಗಿ ಕೂರಲು ಮೈಲಾರಿಯನ್ನೇ ಕರೆದರು. ನಿವೃತ್ತ ನರ್ಸ್ ಒಬ್ಬಳ ಕನಸಿನಲ್ಲಿ ಅವನು ವಾರ್ಡಿನ ಕಿಟಕಿಯಾಚೆ ಪ್ರತಿ ಬೇಸಿಗೆಯಲ್ಲೂ ಕೆಂಪಾಗುವ ಗುಲ್‌ಮೊಹರ್ ಕಂಡು ಕೂಗಿದ. ಆಕೆ ನೋಡಿ ಅತ್ತಳು, ಆಮೇಲೆ ಆ ಮರವಿದ್ದ ಬೀದಿಯಲ್ಲೇ ಮನೆ ಮಾಡಿದಳು.

ಹೀಗಿರುವಾಗ ಪ್ರಜ್ವಲ್ ಹೊಸಮನಿ ಎಂಬವರು ಬಂದರು. ಹುಬ್ಬಳ್ಳಿಯ ಒಂದು ವಿಮಾ ಕಚೇರಿಯಲ್ಲಿ ದುಡಿದು ಆಗಷ್ಟೇ ನಿವೃತ್ತರಾದವರು. ಇಪ್ಪತ್ತೈದರ ಹರೆಯದಿಂದಲೂ ದಿನಾ ಗದಗದಿಂದ ರೈಲಿನಲ್ಲಿ ಓಡಾಡಿದವರು. ಮೈಲಾರಿಗೆ ಖುಷಿಯಾಯಿತು. ತನ್ನದೇ ಗಾಡಿ, ತನ್ನದೇ ದಾರಿ.

ಕನಸಿನಲ್ಲಿ ಇಬ್ಬರೂ ಕಿಟಕಿಯ ಪಕ್ಕ ಕುಳಿತಿದ್ದರು. ಕೂಗಲೆಂದು ಬೆರಳೆತ್ತಿದ ಮೈಲಾರಿ ಹಾಗೆಯೇ ಉಳಿದ. ಕಿಟಕಿಯಾಚೆ ಏನೂ ಇರಲಿಲ್ಲ. ಕೋರಾ ಬಟ್ಟೆ ಹರವಿದಂತೆ ಬರೀ ಬಿಳುಪು, ಗದಗದಿಂದ ಹುಬ್ಬಳ್ಳಿಯವರೆಗೂ. ಹೊಸಮನಿಯವರ ಅಂಗೈಯಲ್ಲಿ ಮಾತ್ರ ಒಂದು ಸಣ್ಣ ಬೆಳಕು ಹೊಳೆಯುತ್ತಿತ್ತು. ಅವರು ಅದರ ಮೇಲೆ ಬಾಗಿಕೊಂಡಿದ್ದರು.

ಎಚ್ಚರವಾದ ಮೇಲೆ ಮೈಲಾರಿ ಕೇಳಿದ, "ಕೈಯಾಗ ಹೊಳೀತಿತ್ತಲ್ರಿ, ಅದರೊಳಗ ಏನ್ ನೋಡತಿದ್ರಿ?"

"ಆಗಿನ ಮೊಬೈಲ್ ಅದು. ಏನ್ ನೋಡತಿದ್ದೆ ಅನ್ನೂದು ನೆನಪಿಲ್ಲ" ಎಂದರು ಹೊಸಮನಿ.

ಡಾಕ್ಟರು ಕೈಚೆಲ್ಲಿದರು. ಹತ್ತಿರದ ಬೆಳಕಿಗೆ ನೆಟ್ಟ ಕಣ್ಣು ತನ್ನ ಅಂಚನ್ನೂ ಒಳಕ್ಕೆ ಎಳೆದುಕೊಂಡುಬಿಡುತ್ತದೆ. ಒಳಗೆ ಬೀಳದಿದ್ದದ್ದನ್ನು ಯಾವ ಯಂತ್ರವೂ ಬಿಚ್ಚಲಾರದು. ಇನ್ನು ಮುಂದೆ ನಿವೃತ್ತರಾಗಿ ಬರುವವರೆಲ್ಲ ಹೊಸಮನಿಯವರ ಓರಗೆಯವರೇ, ಮೊಬೈಲಿಗೆ ಕಣ್ಣು ನೆಟ್ಟವರೇ ಎಂಬುದು ನೆನಪಾಗಿ ಡಾಕ್ಟರ ಮುಖ ಬಾಡಿತು.

"ಆ ಗಾಡಿ ನೀವ ಓಡಿಸ್ತಿದ್ರಂತ" ಎಂದರು ಹೊಸಮನಿ, ಮೈಲಾರಿಯ ಕಡೆ ತಿರುಗಿ. "ಹಂಗಾರ ಹೊರಗಿದ್ದದ್ದು ನಿಮ್ಮ ತಲಿಯೊಳಗ ಇರಬೇಕಲ್ರಿ. ಅದನ್ನ ನನಗ ತೋರಿಸಾಕ ಬರತೈತೇನು?"

ಮೈಲಾರಿ ಹೇಳಿದ, "ಹೊಲಾ ತೋರಿಸಬಹುದ್ರಿ, ಗುಡ್ಡಾ ತೋರಿಸಬಹುದು. ಆದರ ನಿಮ್ಮ ಮನಿ ಬಾಗಲದಾಗ ನಿಮ್ಮ ಹಾದಿ ನೋಡಕೋತ ಯಾರು ನಿಂತಿದ್ರು ಅನ್ನೂದು ನನ್ನ ತಲಿಯೊಳಗ ಇಲ್ರಿ."

ಹೊಸಮನಿಯವರು ಗಡಿಬಿಡಿಯಿಂದ ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಎಲ್ಲಿಗ್ರಿ, ಚಹಾ ಬರೂದೈತಿ" ಎಂದರು ಡಾಕ್ಟರು.

"ಮನಿಗೆ ಹೋಗ್ತೀನ್ರಿ" ಎಂದರು ಹೊಸಮನಿ. "ನನ್ನಾಕಿ ಈಗೂ ಬಾಗಲದಾಗ ನಿಂತಿರ್ತಾಳ."