ಹನ್ನೆರಡರ ಗೆರೆ

ಅಕ್ಕ ಬದುಕಬೇಕಾದರೆ ಕೆಳಗಿನೂರಿನ ನಲ್ಲಿ ಒಣಗಬೇಕು, ಬೇರೆ ದಾರಿಯಿಲ್ಲ. ಹೀಗೆಂದು ತೀರ್ಮಾನಿಸಿದ ದಿನ, ಜಲಾಶಯದ ಮಟ್ಟ ಬರೆಯುವ ಗುಮಾಸ್ತನ ಗಂಟಲೇ ಮೊದಲು ಒಣಗಿತು. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಈಗ ವಾರಕ್ಕೆ ಮೂರು ಸಲ ಮೇಲಿನೂರಿನ ಆಸ್ಪತ್ರೆಯ ಯಂತ್ರದಲ್ಲಿ ಅವಳ ರಕ್ತ ಶುದ್ಧವಾಗಬೇಕು. "ನೀರು ನಿಂತ್ರೆ ಯಂತ್ರಾನೂ ನಿಲ್ಲುತ್ತೆ, ಆಮೇಲೆ ಹೇಳ್ಲಿಲ್ಲ ಅನ್ಬೇಡಿ," ಎಂದಿದ್ದಳು ನರ್ಸು.

ಎರಡು ಊರಿಗೆ ಇರುವುದು ಒಂದೇ ಜಲಾಶಯ. ಮಟ್ಟ ಹನ್ನೆರಡು ಅಡಿಗಿಂತ ಇಳಿದರೆ ಕೆಳಗಿನೂರಿನ ಕೊಳವೆಗೆ ಬೀಗ, ಉಳಿದ ನೀರು ಆಸ್ಪತ್ರೆಯಿರುವ ಊರಿಗೆ ಎಂದು ಒಪ್ಪಂದ. ನಿಜವಾಗಿ ಹನ್ನೆರಡಕ್ಕೆ ಇಳಿಯುವವರೆಗೆ ಕಾದರೆ ಉಳಿದ ನೀರು ಮಳೆಗಾಲದವರೆಗೆ ಸಾಲದು ಎಂಬುದು ಗುಮಾಸ್ತನ ಲೆಕ್ಕ. ಮಟ್ಟ ನೋಡಿ ಬರೆಯುವವನು ಇವನೊಬ್ಬನೇ.

ದಿನಕ್ಕೆ ಎರಡು ಇಂಚು ಇಳಿಯುವ ನೀರನ್ನು ಮೂರೆಂದು ಬರೆದ. ಕೆಂಡದಂಥ ಬೇಸಿಗೆ, ಯಾರೂ ಹುಬ್ಬೇರಿಸಲಿಲ್ಲ. ಹತ್ತೇ ದಿನಕ್ಕೆ ಪುಸ್ತಕದ ನೀರು ಹನ್ನೆರಡರ ಕೆಳಗೆ ಹೋಯಿತು, ಬೀಗ ಬಿತ್ತು. ಕೆಳಗಿನೂರಿನವರು ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡುವುದನ್ನು ಕಂಡಾಗಲೆಲ್ಲ ಅವನು ತಲೆ ತಗ್ಗಿಸಿ ಬೇರೆ ದಾರಿ ಹಿಡಿಯುತ್ತಿದ್ದ. ಗೊತ್ತಾದರೆ ಇವರು ನನ್ನನ್ನು ಸಿಗಿದುಹಾಕುತ್ತಾರೆ ಎಂದು ಹೆದರಿದ. ಆದರೂ ದಿನಕ್ಕೆ ಅದೇ ಮೂರು ಇಂಚು ಬರೆಯುವುದು ಬಿಡಲಿಲ್ಲ.

ಬೀಗ ಬಿದ್ದ ಐದನೆಯ ದಿನ ತನಿಖೆಗೆ ಇಂಜಿನಿಯರಮ್ಮ ಬರುವ ಸುದ್ದಿ ಬಂತು. ಬೆಳಗಾಗುತ್ತಲೇ ನೀರಿನಲ್ಲಿ ನಿಂತ ಕಲ್ಲುಕಂಬದ ಅಳತೆಪಟ್ಟಿಯನ್ನು ಬಿಚ್ಚಿ, ಪುಸ್ತಕದ ಅಂಕಿಗೆ ಸರಿಯಾಗಿ ನೀರು ತಾಗುವಷ್ಟು ಮೇಲೇರಿಸಿ ಬಿಗಿದ. ಹಳೆಯ ತೂತುಗಳಿಗೆ ಕೆಸರು ಮೆತ್ತಿದ. ಇನ್ನು ಬ್ರಹ್ಮ ಬಂದು ನೋಡಿದರೂ ಪುಸ್ತಕ ಬೇರೆ ನೀರು ಬೇರೆ ಎನ್ನಲಾರ.

ಇಂಜಿನಿಯರಮ್ಮ ಪಟ್ಟಿ ನೋಡಿದರು, ಪುಸ್ತಕ ನೋಡಿದರು. "ಸರಿಯಾಗಿದೆ ಕಣಪ್ಪ, ಅಕ್ಷರಾನೂ ಮುದ್ದಾಗಿದೆ," ಎಂದರು. ಎಷ್ಟೋ ದಿನಗಳ ಮೇಲೆ ಅವನು ಉಸಿರು ಬಿಟ್ಟ.

ಸಹಿಗೆಂದು ಪೆನ್ನು ತೆರೆದವರು ಹಾಗೇ ನಿಂತರು. "ಕೆಳಗಿನೂರಿಗೆ ನೀರು ನಿಲ್ಲಿಸಿ ಎಷ್ಟು ದಿನ ಆಯ್ತು?"

"ಐದು ದಿನ, ಮೇಡಂ."

"ಬೀಗ ಹಾಕೋಕೆ ಮುಂಚೆ ದಿನಕ್ಕೆ ಮೂರು ಇಂಚು ಇಳೀತಿತ್ತು. ಹಾಕಿದ ಮೇಲೂ ಮೂರೇ?" ಅವರ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಅರ್ಧದಷ್ಟು ಜನರ ನೀರು ನಿಂತಿದ್ದರೂ, ಅವನ ಪುಸ್ತಕದಲ್ಲಿ ಕೆಳಗಿನೂರು ಐದೂ ದಿನ ನೀರು ಕುಡಿಯುತ್ತಲೇ ಇತ್ತು.